ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ: ನಾನು ಮಾಡುವ ಕ್ರಮ

ಟ್ರೈಕೋಡರ್ಮಾ ಹಾಕಿದರೂ ಮೆಣಸಿನ ಬಳ್ಳಿ ಸತ್ತುಹೋಯಿತು ಎನ್ನುವವರನ್ನು ನಾನು ಕೇಳುವುದು ಒಂದೇ ಪ್ರಶ್ನೆ: ಯಾವಾಗ ಹಾಕಿದಿರಿ? ಎಲೆ ಜೋತುಬಿದ್ದ ಮೇಲೆ ಹಾಕಿದರೆ ಏನೂ ಆಗದು. ಇದು ಬೇರಿನ ಸುತ್ತ ಸೊರಗು ರೋಗಕ್ಕಿಂತ ಮೊದಲೇ ಜಾಗ ಹಿಡಿಯಬೇಕಾದ ಜೀವಂತ ಶಿಲೀಂಧ್ರ. ಹಾಗಾಗಿ ಮಳೆಗಾಲಕ್ಕೆ ತಿಂಗಳಿರುವಾಗಲೇ ನನ್ನ ಕೆಲಸ ಶುರು.

ಪ್ಯಾಕೆಟ್ ಪುಡಿಯನ್ನು ನೇರವಾಗಿ ಬುಡಕ್ಕೆ ಉದುರಿಸುವುದಿಲ್ಲ. ತಿನ್ನಲು ಏನೂ ಇಲ್ಲದ ಮಣ್ಣಿನಲ್ಲಿ ಅದು ಹೆಚ್ಚು ಬೆಳೆಯುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಪುಡಿ 1 ಕೆಜಿ ಬೆರೆಸಿ ನೆರಳಿನಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿ ಹೊದಿಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ಹಸಿ ಸಗಣಿ ಬೇಡವೇ ಬೇಡ. ಅದು ಕಾವೇರುತ್ತದೆ, ಇದಕ್ಕೆ ಹಿತವಾದದ್ದು 25ರಿಂದ 30 ಡಿಗ್ರಿ. ನಡುವೆ ಒಂದೆರಡು ಸಲ ಮಗುಚುತ್ತೇನೆ. ಮೊದಲು ಬಿಳಿ ಎಳೆ, ಆಮೇಲೆ ಅಲ್ಲಲ್ಲಿ ಪಾಚಿಹಸಿರು ಮಚ್ಚೆ. ಎರಡು ವಾರ ಕಳೆದರೂ ಆ ಹಸಿರು ಕಾಣದಿದ್ದರೆ ಪುಡಿಯಲ್ಲೇ ಜೀವವಿಲ್ಲ ಎಂದು ನನ್ನ ಲೆಕ್ಕ. ಕೆಲವು ತಳಿಗಳು ಬೆಳೆಯುವಾಗ ತೆಂಗಿನಕಾಯಿಯಂಥ ವಾಸನೆ ಬಿಡುತ್ತವೆ. ಮೂಗಿಗೆ ಅದು ಬಡಿದರೆ ಖುಷಿ.

ಮೊದಲ ಮಳೆಗೆ ಮಣ್ಣು ನೆನೆದ ಮೇಲೆ ಬಳ್ಳಿಗೆ ಒಂದೆರಡು ಬೊಗಸೆ ಹಾಕಿ, ಮೇಲೆ ತರಗೆಲೆ ಮುಚ್ಚುತ್ತೇನೆ. ಬುಡ ಅಗೆಯುವುದಿಲ್ಲ. ಹೀರುಬೇರು ಕಡಿದರೆ ರೋಗಕ್ಕೆ ನಾವೇ ಬಾಗಿಲು ತೆಗೆದಂತೆ. ಮಳೆಗಾಲದ ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ.

ಟ್ರೈಕೋಡರ್ಮಾ ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ಅದನ್ನೇ ತಿನ್ನುತ್ತದೆ ಎಂಬುದನ್ನು 1932ರಲ್ಲೇ ಸಸ್ಯರೋಗ ವಿಜ್ಞಾನಿ ರಿಚರ್ಡ್ ವೈಂಡ್ಲಿಂಗ್ ತೋರಿಸಿದ್ದರು. ಆದರೆ ಮೆಣಸಿನ ಶೀಘ್ರ ಸೊರಗು ತರುವ ಫೈಟಾಫ್ತೊರಾ ಎಂಬ ರೋಗಾಣು ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಬುಡದಲ್ಲಿ ನೀರು ನಿಲ್ಲುವ ತೋಟದಲ್ಲಿ ಎಷ್ಟು ಗೊಬ್ಬರ ಸುರಿದರೂ ಅಷ್ಟೇ, ಮೊದಲು ಬಸಿಗಾಲುವೆ ಆಗಬೇಕು. ಅದು ನಿಜವಾದ ಶಿಲೀಂಧ್ರವಲ್ಲದ ಕಾರಣಕ್ಕೇ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ನನ್ನ ತೋಟಕ್ಕೆ ಬರುವುದಿಲ್ಲ: ಫೈಟಾಫ್ತೊರಾಕ್ಕೆ ಅದು ತಾಗದು, ನಾನು ಸಾಕಿದ ಟ್ರೈಕೋಡರ್ಮಾ ಮಾತ್ರ ಸಾಯುತ್ತದೆ. ಫೈಟಾಫ್ತೊರಾಕ್ಕೆ ಬಳಸುವ ಮೆಟಲಾಕ್ಸಿಲ್, ಪೊಟ್ಯಾಸಿಯಂ ಫಾಸ್ಫೊನೇಟ್ ಔಷಧಿಗಳ ಜೊತೆ ಅಂಥ ತಕರಾರಿಲ್ಲ. ತಾಮ್ರದ ಔಷಧಿ ಬುಡಕ್ಕೆ ಸುರಿಯಲೇಬೇಕಾಗಿ ಬಂದರೆ 15 ದಿನವಾದರೂ ಅಂತರ ಬಿಡುತ್ತೇನೆ.

ಶುಂಠಿಗೆ, ನಾಟಿಗೆ ಮೊದಲು ಬಿತ್ತನೆ ಗಡ್ಡೆಯನ್ನು ಟ್ರೈಕೋಡರ್ಮಾ ಬಗ್ಗಡದಲ್ಲಿ ಅದ್ದುತ್ತೇನೆ, ಮಡಿಗೂ ಇದೇ ಗೊಬ್ಬರ. ಪಿಥಿಯಂ ಎಂಬ ರೋಗಾಣು ತರುವ ಮೆತ್ತನೆ ಕೊಳೆ ಇದರಿಂದ ಹತೋಟಿಗೆ ಬರುತ್ತದೆ. ಬ್ಯಾಕ್ಟೀರಿಯಾದ ಹಸಿಸೊರಗಿಗೆ ಇದನ್ನು ನಂಬಿ ಕೂರುವಂತಿಲ್ಲ. ಯಾವುದೆಂದು ತಿಳಿಯಲು ಬಾಡಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡುತ್ತೇನೆ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಬ್ಯಾಕ್ಟೀರಿಯಾ. ಆಗ ಆ ಗಿಡಗಳನ್ನು ಗಡ್ಡೆ ಸಮೇತ ಕಿತ್ತು ಹೊರಗೆ ಸಾಗಿಸಿ, ಅಲ್ಲಿನ ನೀರು ಪಕ್ಕದ ಮಡಿಗೆ ಹರಿಯದಂತೆ ಕಾಲುವೆ ತಿರುಗಿಸುತ್ತೇನೆ.