ವಲಸೆ, ಬಡತನ, ಸುಳ್ಳು ಸುದ್ದಿ, ನೀರಿನ ಬರ: ಇಸ್ಲಾಮಿನ ನೀತಿ ಗೋವಾದ ನಮ್ಮ ಮಂದಿ ದಿನಾ ಹೆಂಗ ನಡಸಬೇಕು

ಯುದ್ಧ, ನಿರಾಶ್ರಿತರು, ನೀರಿನ ಬರ, ಬಡ್ಡಿ ಸಾಲ, ಮಸೀದಿಯ ಶುಕ್ರವಾರದ ಬಯಾನ್‌ದಾಗ (ಪ್ರವಚನದಾಗ) ಎಲ್ಲಾ ಬರ್ತಾವ, ಕೇಳಿ ಎದಿ ಭಾರ ಆಗ್ತೈತಿ, ಆದ್ರ ಝುವಾರಿನಗರ, ಬೈನಾ, ಚಿಂಬಲ್ ಕಡೆ ಇರೋ ನಮ್ಮ ಮಂದಿ ಹೊರಗ ಬಂದ ಮ್ಯಾಲ "ಇಷ್ಟ ದೊಡ್ಡ ವಿಷಯದಾಗ ನಾವೇನ್ ಮಾಡಾಕ ಆಗ್ತೈತಿ" ಅಂತ ಸುಮ್ಮನಾಗಿಬಿಡ್ತಾರ. ಮಾಡೋದು ಭಾಳ ಐತ್ರಿ. ಶುರು ಮಾಡಾಕ ಒಂದ ಪ್ರಶ್ನೆ ಸಾಕು: ಇದರಾಗ ಯಾರ ಹಕ್ಕು ನನ್ನ ಕೈಯಾಗ ಸಿಕ್ಕೊಂಡೈತಿ? ನಮಾಜು ರೋಜಾದಾಗ ತಪ್ಪಿದ್ರ ಅಲ್ಲಾಹನ ಮುಂದ ತೌಬಾ (ಪಶ್ಚಾತ್ತಾಪ ಪಟ್ಟು ಮಾಫಿ ಕೇಳೋದು) ಐತಿ, ಆದ್ರ ಮನುಷ್ಯರ ಹಕ್ಕು ತಿಂದ್ರ ಅದನ್ನ ವಾಪಸ್ ಕೊಡೋ ತನಕ ಇಲ್ಲಾ ಅವರ ಮಾಫ್ ಮಾಡೋ ತನಕ ಆ ತೌಬಾ ಪೂರ್ತಿ ಆಗೋದಿಲ್ಲ.

ಅದಕ್ಕ ಕೂಲಿಯಿಂದ ಹಿಡೀರಿ. ಗದಗ, ಬಾಗಲಕೋಟಿ, ಕೊಪ್ಪಳ, ವಿಜಯಪುರದಿಂದ ಗೌಂಡಿ ಕೆಲಸಕ್ಕ, ಸೆಂಟ್ರಿಂಗಿಗೆ ಮಂದಿ ಇಲ್ಲಿಗೆ ಬರ್ತಾರ, ಅವರನ್ನ ಕರ್ಕೊಂಡ ಬರೋ ಮೇಸ್ತ್ರಿಗಳಾಗ ನಮ್ಮೋರೂ ಅದಾರ. ವಲಸೆ ಅಂತ ಟಿವಿಯಾಗ ಚರ್ಚೆ ಮಾಡ್ತಾರಲ್ಲ, ಅದು ನಮಗ ವಾರದ ಬಟವಾಡೆ ಹೊತ್ತಿಗೆ ಎದುರಿಗೇ ನಿಂತಿರ್ತೈತಿ. ಬುಖಾರಿ ಅನ್ನೋ ಸಂಗ್ರಹದ ಹದೀಸ್‌ದಾಗ (ಪ್ರವಾದಿ ಮುಹಮ್ಮದರ ಮಾತಿನಾಗ) ಐತಿ, ಕಿಯಾಮತ್ ದಿನ, ಅಂದ್ರ ಕಡೇ ತೀರ್ಪಿನ ದಿನ, ಅಲ್ಲಾಹ ಮೂರು ಥರದವರ ವಿರುದ್ಧ ತಾನೇ ನಿಲ್ತಾನಂತ, ಅದರಾಗ ಒಬ್ಬ ಯಾರಂದ್ರ ಆಳಿನ ಕಡೆಯಿಂದ ಪೂರ್ತಿ ಕೆಲಸ ತಗೊಂಡು ಕೂಲಿ ಕೊಡದವನು. ಇದನ್ನ ಓದಿದ ಮ್ಯಾಲೂ "ಬಿಲ್ ಪಾಸ್ ಆಗಿಲ್ಲ, ಮುಂದಿನ ವಾರ ನೋಡೋಣ" ಅನ್ನಾಕ ನಾಲಿಗಿ ಹೆಂಗ ಏಳ್ತೈತಿ?

ಮಾಡೋದು ಹಿಂಗ. ಕೆಲಸಕ್ಕ ಹಚ್ಚೋಕಿಂತ ಮುಂಚೆನ ದಿನಕ್ಕ ಎಷ್ಟು ಅಂತ ಬಾಯಿ ಬಿಟ್ಟು ಹೇಳ್ರಿ, ಕೂಲಿ ಎಷ್ಟು ಅಂತ ಗೊತ್ತಿಲ್ಲದ ಕರಾರು ಫಿಕ್‌ಹ್ (ಇಸ್ಲಾಮಿನ ಕಾನೂನು) ಪ್ರಕಾರ ಸರಿಯಾದ ಕರಾರೇ ಅಲ್ಲ. ಹಾಜರಿ ಪುಸ್ತಕದಾಗ ಹೆಸರು, ತಾರೀಖು, ಪೂರ್ತಿ ದಿನಾನೋ ಅರ್ಧ ದಿನಾನೋ, ಓಟಿ ಎಷ್ಟು ತಾಸು, ಅಡ್ವಾನ್ಸ್ ಎಷ್ಟು ಹೋತು, ಬಾಕಿ ಎಷ್ಟು ಅಂತ ಆವತ್ತಿಂದು ಆವತ್ತೇ ಬರೀರಿ, ಓದಾಕ ಬರದವರಿಗೆ ಓದಿ ಹೇಳ್ರಿ, ಆಮ್ಯಾಲ ಆ ಪುಟದ ಫೋಟೋ ಅವರ ಮೊಬೈಲಿಗೆ ಹಾಕ್ರಿ. ಸೂರಾ (ಅಧ್ಯಾಯ) ಬಕರಾದ 282ನೇ ಆಯತ್ (ವಾಕ್ಯ), ಕುರ್‌ಆನಿನಾಗ ಎಲ್ಲಕ್ಕಿಂತ ಉದ್ದ ಇರೋ ಆಯತ್, ಸಾಲ ಕೊಟ್ಟ ತಗೊಂಡದ್ದನ್ನ ಬರೆದಿಡೋದರ ಬಗ್ಗೆನ ಐತಿ. ಅಡ್ವಾನ್ಸ್ ತಗೊಂಡ ಹುಡುಗ ಜ್ವರ ಬಂದು ಮಲಗಿದ್ರ? ಅದೇ ಸೂರಾದ 280 ನೋಡ್ರಿ, ಕಷ್ಟದಾಗ ಇರೋ ಸಾಲಗಾರನಿಗೆ ಸೌಕರ್ಯ ಆಗೋ ತನಕ ಟೈಮ್ ಕೊಡಬೇಕು, ಬಿಟ್ಟೇಬಿಟ್ರ ಇನ್ನೂ ಒಳ್ಳೇದು. ಆಧಾರ್ ಕಾರ್ಡ್ ಕಸಕೊಂಡು ಇಟ್ಕೊಳ್ಳೋದು ಹಕ್ಕು ತಿನ್ನೋದೇ, ಅದಕ್ಕ ಬ್ಯಾರೆ ಹೆಸರಿಲ್ಲ. ಹಿಂದಿನ 12 ತಿಂಗಳಾಗ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ಕಾರ್ಮಿಕ ಕಲ್ಯಾಣ ಮಂಡಳಿಗೆ ಹೆಸರು ಹಚ್ಚಬಹುದು, ಆ 90 ದಿನದ ಸರ್ಟಿಫಿಕೇಟ್ ಕೊಡಾಕ ಆಳುಗಳನ್ನ ಅಲೆದಾಡಿಸಬ್ಯಾಡ್ರಿ.

ಕೂಲಿ ಮುಳುಗಿದವ ಹಿಂದೂ ಇದ್ರ ನಮಗೇನು ಅನ್ನೋರಿಗೆ ಒಂದು ಮಾತು. ನಬಿಯವರಿಗೆ (ಮುಹಮ್ಮದರಿಗೆ) ಇನ್ನೂ ಪ್ರವಾದಿ ಪಟ್ಟ ಸಿಗದೇ ಇದ್ದಾಗ, ಯೆಮನ್‌ದಿಂದ ಬಂದ ಒಬ್ಬ ವ್ಯಾಪಾರಿ ಮಾಲಿನ ದುಡ್ಡು ಮಕ್ಕಾದ ಒಬ್ಬ ದೊಡ್ಡ ಮನುಷ್ಯ ಕೊಡಲಿಲ್ಲ, ಹೊರಗಿನವ, ಕೇಳೋರು ಯಾರೂ ಇಲ್ಲ. ಆಗ ಕೆಲವು ಮನೆತನದವರು ಅಬ್ದುಲ್ಲಾ ಇಬ್ನ್ ಜುದ್‌ಆನ್ ಮನಿಯಾಗ ಕೂಡಿ, ಅನ್ಯಾಯ ಆದವನ ಪರ ನಿಲ್ತೀವಿ ಅಂತ ಆಣಿ ಮಾಡಿದ್ರು, ಅದೇ ಹಿಲ್ಫುಲ್ ಫುದೂಲ್ ಅನ್ನೋ ಒಪ್ಪಂದ. ನಬಿಯವರೂ ಅದರಾಗ ಇದ್ರು, ಇಸ್ಲಾಂ ಬಂದ ಮ್ಯಾಲೂ ಅಂಥಾದ್ದಕ್ಕ ಕರೆದ್ರ ಹೋಗ್ತೀನಿ ಅಂದಾರ. ಹಂಗಾಗಿ ನಮ್ಮ ವಾಡೆದಾಗ (ಓಣ್ಯಾಗ) ಇರೋ ಹಿಂದೂ, ಕ್ರಿಶ್ಚಿಯನ್ ಗೆಳೆಯರನ್ನ ಕರ್ಕೊಂಡು ಮೇಸ್ತ್ರಿ ಹತ್ರ ಹೋಗ್ರಿ, ಬಗೆಹರೀಲಿಲ್ಲ ಅಂದ್ರ ಹಾಜರಿ ಫೋಟೋ ಹಿಡ್ಕೊಂಡು ಪಣಜಿ ಲೇಬರ್ ಕಮಿಷನರ್ ಆಫೀಸಿಗೆ ಹೋಗ್ರಿ.

ಇನ್ನ ಜಕಾತ್, ಅಂದ್ರ ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ. ಲೆಕ್ಕ ಸಸಾರ ಐತಿ, 612 ಗ್ರಾಂ ಬೆಳ್ಳಿ ಬೆಲೆಯಷ್ಟು ಅಥವಾ ಸುಮಾರು 87 ಗ್ರಾಂ ಬಂಗಾರದಷ್ಟು ಆಸ್ತಿ (ರೊಕ್ಕ, ಬಂಗಾರ, ಬೆಳ್ಳಿ, ವ್ಯಾಪಾರದ ಮಾಲು) ಒಂದು ಹಿಜ್ರಿ (ಇಸ್ಲಾಮಿನ ಚಾಂದ್ರಮಾನ) ವರ್ಷ ಕೈಯಾಗ ಇದ್ರ 2.5 ಪರ್ಸೆಂಟ್, ಲಕ್ಷಕ್ಕ 2500. ಹೆಂಗಸರು ಹಾಕ್ಕೊಳ್ಳೋ ಬಂಗಾರ ಹನಫಿ ಪಂಥದವರು ಲೆಕ್ಕಕ್ಕ ಹಿಡೀತಾರ, ಶಾಫಿ ಪಂಥದವರು ಹಿಡಿಯೋದಿಲ್ಲ, ಶಾಫಿ ಪಾಲಿಸೋ ಭಟ್ಕಳದವರು ಮತ್ತ ಹನಫಿ ಪಾಲಿಸೋ ಹುಬ್ಬಳ್ಳಿಯವರು ಒಂದೇ ಬಿಲ್ಡಿಂಗಿನಾಗ ಇದ್ರ ಇದರ ಮ್ಯಾಲ ಜಗಳ ಬ್ಯಾಡ, ತಮ್ಮ ತಮ್ಮ ಆಲಿಮರನ್ನ (ಧರ್ಮ ಪಂಡಿತರನ್ನ) ಕೇಳ್ರಿ. ನಾ ಒತ್ತಿ ಹೇಳೋದು ಬ್ಯಾರೆ: ರಮಜಾನ್‌ದಾಗ ಮನಿ ಕೆಲಸದಾಕಿಗೆ ಕೊಡಬೇಕಾದ ಪಗಾರ, ಬೋನಸ್ಸನ್ನೇ ಜಕಾತ್ ಅಂತ ಬರ್ಕೊಳ್ಳೋರು ಅದಾರ, ಅದು ಆಗೋದಿಲ್ರಿ, ಪಗಾರ ಆಕಿ ದುಡಿದದ್ದು. ಸೂರಾ ತೌಬಾದ 60ನೇ ಆಯತ್ ಎಂಟು ಥರದವರಿಗೆ ಜಕಾತ್ ಹೇಳೈತಿ, ಅದರಾಗ ಸಾಲದಾಗ ಮುಳುಗಿದವರೂ ಅದಾರ, ದಾರ್ಯಾಗ ಸಿಕ್ಕಿಬಿದ್ದ ಮುಸಾಫಿರನೂ ಅದಾನ, ಊರಾಗ ಎರಡು ಎಕರೆ ಹೊಲ ಇದ್ರೂ ಇಲ್ಲಿ ಬಸ್ ಚಾರ್ಜಿಗೆ ಗತಿ ಇಲ್ಲದ ಮುಸಲ್ಮಾನ ಹುಡುಗನೂ ಅದರಾಗ ಬರ್ತಾನ. ಬ್ಯಾರೆ ಧರ್ಮದವರಿಗೆ ಸದಕಾದಿಂದ (ಮನಸ್ಸಿಂದ ಕೊಡೋ ದಾನದಿಂದ) ಧಾರಾಳ ಕೊಡ್ರಿ.

ಮೊಬೈಲ್ ವಿಷಯ ಎರಡ ಮಾತು. ಸೂರಾ ಹುಜುರಾತಿನ 6ನೇ ಆಯತ್ ಸುದ್ದಿ ಬಂದ್ರ ಮೊದಲು ಖಾತ್ರಿ ಮಾಡ್ಕೋರಿ ಅಂತೈತಿ, ಇಲ್ಲಾಂದ್ರ ತಿಳೀದೇ ಯಾರಿಗೋ ಕೇಡು ಮಾಡಿರ್ತೀರಿ. ಗಲಾಟೆ ವಿಡಿಯೋ ಬಂದ್ರ ಯಾವ ಊರು, ಯಾವತ್ತಿಂದು ಅಂತ ಗೊತ್ತಾಗೋ ತನಕ ಮುಂದ ಕಳಿಸಬ್ಯಾಡ್ರಿ, ಕಳಿಸಿದ್ದು ಸುಳ್ಳಾತು ಅಂದ್ರ ಅದೇ ಗ್ರೂಪಿನಾಗ ಹೇಳ್ರಿ.

ನೀರು. ನಬಿಯವರು ಒಂದು ಮುದ್ದ್ (ಹಳೇ ಅರಬ್ ಅಳತಿ) ನೀರಿನಾಗ ವುಜೂ, ಅಂದ್ರ ನಮಾಜಿಗೆ ಮುಂಚೆ ಕೈ ಕಾಲು ಮುಖ ತೊಳಿಯೋದು, ಮುಗಿಸ್ತಿದ್ರು, ಮಜ್ಹಬ್ (ಪಂಥ) ಪ್ರಕಾರ ಅಳತಿ ಸ್ವಲ್ಪ ಆಚೆ ಈಚೆ ಆಗ್ತೈತಿ, ಹೆಚ್ಚಂದ್ರ ಒಂದ ಲೀಟರ್ ಆಸುಪಾಸು ಅನ್ರಿ. ನಿಮ್ಮದು ಎಷ್ಟಾಗ್ತೈತಿ ನೋಡಬೇಕಂದ್ರ ನಳದ ಕೆಳಗ ಬಕೆಟ್ ಇಟ್ಟು ದಿನಾ ಮಾಡೋ ಹಂಗ ವುಜೂ ಮಾಡ್ರಿ, ಮಸಹ್ (ಒದ್ದಿ ಕೈ ತಲಿ ಮ್ಯಾಲ ಆಡಿಸೋದು) ಮಾಡೋವಾಗ, ತೋಳು ಮ್ಯಾಲ ಏರಿಸೋವಾಗ ನಳ ತಾನೇ ಹರೀತಿರ್ತೈತಿ, ಬಕೆಟ್ ತುಂಬ್ತಾ ಹೋಗ್ತೈತಿ. ನಾಳಿಗೆ ಅದನ್ನೇ ಒಂದು ತಂಬಿಗಿಯಾಗ ಮಾಡಿ ನೋಡ್ರಿ, ಕಾಲು ತೊಳಿಯೋದಕ್ಕೂ ಸಾಲ್ತೈತಿ. ಮೇ ತಿಂಗಳಾಗ ಟ್ಯಾಂಕರ್ ಕಾಯೋ ವಾಡೆದಾಗ ಇದು ಪಕ್ಕದ ಮನಿಯವರ ಹಕ್ಕಿನ ಮಾತು. ಮಸೀದಿ ಕಮಿಟಿಯವರು ಒತ್ತಿದ್ರ ಮಾತ್ರ ನೀರು ಬರೋ ಪುಶ್ ನಳ ಹಾಕಿಸಲಿ, ಸೋರೋ ವಾಷರ್ ಬದಲಿಸಲಿ, ವುಜೂ ನೀರು ಗಟಾರಕ್ಕ ಹೋಗೋ ಬದಲು ಒಂದು ಪೈಪ್ ಎಳೆದು ಅಂಗಳದ ಗಿಡಗಳ ಬುಡಕ್ಕ ಬಿಡಲಿ.