ಮೊದಲು ಮಂಡಿ, ಆಮೇಲೆ ಮನಸ್ಸು

ಬೆಂಗಳೂರಿನ ಕೊಳೆಗೇರಿಗಳಲ್ಲಿ ಮುಟ್ಟು ನಿಂತ ಹೆಂಗಸರ ತಪಾಸಣೆಗೆ ನಾವು ಇಟ್ಟುಕೊಂಡ ಹೊತ್ತು ಮಧ್ಯಾಹ್ನ 2ರಿಂದ 4. ಬೆಳಗಿನ ಮನೆಗೆಲಸ ಮುಗಿದಿರುತ್ತದೆ, ಸಂಜೆಯದಕ್ಕೆ ಇನ್ನೂ ಹೊರಟಿರುವುದಿಲ್ಲ.

"ಮುಟ್ಟು ನಿಂತಿದೆಯಾ?" ಎಂದರೆ "ಆಪರೇಷನ್ ಆಗಿದೆ" ಅನ್ನುತ್ತಾರೆ. ಮಕ್ಕಳಾಗದ ಆಪರೇಷನ್ನೋ, ಗರ್ಭಕೋಶ ತೆಗೆಸಿದ್ದೋ? "ಅದಾದ ಮೇಲೆ ಮುಟ್ಟಾಗ್ತಿದ್ರಾ?" ಎಂದು ಕೇಳಿದರೆ ಬಗೆಹರಿಯುತ್ತದೆ. ವರ್ಷ ನೆನಪಿರುವುದಿಲ್ಲ, ಮಗಳ ಮದುವೆಗೆ ಮುಂಚೆಯೋ, ಮೊಮ್ಮಗು ಹುಟ್ಟಿದ ಮೇಲೋ ಎಂದು ಹಿಡಿಯಬೇಕು. ಸತತ 12 ತಿಂಗಳು ಕಾಣದಿದ್ದರಷ್ಟೇ ನಿಂತಿದೆ ಎಂದು ಬರೆಯುತ್ತೇವೆ.

ಬಿಪಿ ನೋಡುವಾಗ ಆಗುವ ದೊಡ್ಡ ತಪ್ಪು ರವಿಕೆಯ ತೋಳಿನದು. ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಕಟ್ಟಿನಂತೆ ಒತ್ತಿ ಅಂಕಿ ಕೆಡಿಸುತ್ತದೆ. ತೋಳಿನ ಸುತ್ತಳತೆ 32 ಸೆಂ.ಮೀ. ಮೀರಿದ್ದರೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕ ಪಟ್ಟಿ ಕಟ್ಟಿದರೆ ಇದ್ದದ್ದಕ್ಕಿಂತ ಹೆಚ್ಚು ಬಿಪಿ ತೋರಿಸುತ್ತದೆ. ಮೂತ್ರಕ್ಕೆ ಹೋಗಿ ಬಂದು, ಗೋಡೆಗೆ ಒರಗಿ 5 ನಿಮಿಷ ಸುಮ್ಮನೆ ಕೂರಲಿ. ಕುರ್ಚಿ ಮೇಜು ಇಲ್ಲದ ಮನೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ದಿಂಬಿಟ್ಟು ತೋಳನ್ನು ಎದೆಮಟ್ಟಕ್ಕೆ ತಂದರಾಯಿತು. ಎರಡು ಸಲ ನೋಡಿ ಬರೆಯಿರಿ.

ಪ್ರಶ್ನೆಗಳನ್ನು ಮಂಡಿನೋವಿನಿಂದ ಶುರುಮಾಡುತ್ತೇವೆ. ಅದನ್ನು ಹೇಳಲು ಯಾರಿಗೂ ನಾಚಿಕೆಯಿಲ್ಲ. ಅಲ್ಲಿಂದ ಊಟ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿದರೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು 1200. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೇ ನುಂಗುವವರೇ ಹೆಚ್ಚು. ಹಾಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಬೆಳಿಗ್ಗೆ, ಒಂದು ರಾತ್ರಿ ಎಂದು ಬೇರೆಮಾಡಿ ಕೊಡುತ್ತೇವೆ.

ಆಮೇಲೆ ಮೂತ್ರದ ಮಾತು. ಕೆಮ್ಮಿದರೆ, ಕೊಡ ಎತ್ತಿದರೆ ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಉರಿಮೂತ್ರ ಶುರುವಾಗಿರುತ್ತದೆ. ಸೋರುವುದಕ್ಕೆ ಒಂದು ವ್ಯಾಯಾಮ ಹೇಳಿಕೊಡುತ್ತೇವೆ: ಮೂತ್ರ ತಡೆಯುವಂತೆ 5 ಸೆಕೆಂಡು ಬಿಗಿಹಿಡಿದು 5 ಸೆಕೆಂಡು ಸಡಿಲ, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಿದರೆ, ಹೊಟ್ಟೆ ಬಿಗಿದರೆ ವ್ಯರ್ಥ. ಮೂತ್ರ ಮಾಡುತ್ತಿರುವಾಗ ಇದನ್ನು ಮಾಡಬಾರದು. 3 ತಿಂಗಳಾದರೂ ಬಿಡದೆ ಮಾಡಬೇಕು. ಗರ್ಭಕೋಶ ಜಾರಿ ಹೊರಬಂದಿದ್ದರೆ ಮಾತ್ರ ವ್ಯಾಯಾಮ ನೆಚ್ಚಿ ಕೂರದೆ ಡಾಕ್ಟರಿಗೆ ತೋರಿಸಬೇಕು.

ಮುಟ್ಟು ನಿಂತ ಮೇಲೆ ಕಂಡ ಒಂದು ಹನಿ ರಕ್ತವನ್ನೂ "ಉಷ್ಣ ಆಗಿದೆ" ಎಂದು ತಳ್ಳಿಹಾಕುತ್ತಾರೆ. ಇದಕ್ಕೆ ಮಾತ್ರ ಕಾಯುವುದಿಲ್ಲ: ಅಂದೇ ಚೀಟಿ ಬರೆದು, ಜೊತೆಗೊಬ್ಬರನ್ನು ಗೊತ್ತುಮಾಡಿ, ವಾಣಿ ವಿಲಾಸದಂಥ ದೊಡ್ಡಾಸ್ಪತ್ರೆಗೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ ಈ ವಯಸ್ಸಿನಲ್ಲಿ ನೆಚ್ಚಿಕೆಯದಲ್ಲ. ನೋಡಬೇಕಾದ ಭಾಗ ಒಳಗೆ ಸರಿದಿರುತ್ತದೆ. ಅಲ್ಲಿನ ಜೀವಕೋಶ ತೆಗೆದು ನೋಡುವ ಪ್ಯಾಪ್, ಇಲ್ಲವೇ ಆ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಕೇಳಿ ಕಳಿಸುತ್ತೇವೆ.

ನಿದ್ದೆಯ ಪ್ರಶ್ನೆ ಕೊನೆಗೆ. ಶೀಟಿನ ಮನೆಯ ಸೆಕೆಯೋ, ಒಳಗಿಂದ ಏರುವ ಕಾವೋ, ಯೋಚನೆಯೋ? ಯೋಚನೆ ಎಂದ ಕೂಡಲೇ ಕಳೆದ ಎರಡು ವಾರಗಳ ಎರಡು ಪ್ರಶ್ನೆ: ಬೇಜಾರು ಎಷ್ಟು ದಿನ, ಯಾವುದರಲ್ಲೂ ಮನಸ್ಸಿಲ್ಲದ್ದು ಎಷ್ಟು ದಿನ. ದಿನ ಹೆಚ್ಚಿದಷ್ಟೂ ಅಂಕ ಹೆಚ್ಚು; ಎರಡೂ ಸೇರಿ 6ಕ್ಕೆ 3 ಅಥವಾ ಹೆಚ್ಚು ಬಂದರೆ ಒಂಬತ್ತು ಪ್ರಶ್ನೆಗಳ ಪೂರ್ತಿ ಪಟ್ಟಿ ಕೇಳುತ್ತೇವೆ. ಒಂಬತ್ತನೆಯದು ಸಾಯುವ ಯೋಚನೆಯದ್ದು. ಸೊಸೆ ಪಕ್ಕದಲ್ಲಿದ್ದರೆ ಅದಕ್ಕೆ "ಇಲ್ಲ" ಎಂದೇ ಉತ್ತರ; ಆದ್ದರಿಂದ ಬಿಪಿ ಪಟ್ಟಿ ತೋಳಿಗೆ ಸುತ್ತಿಯೇ ಇಟ್ಟು, "ಇನ್ನೊಂದ್ಸಲ ನೋಡ್ಬೇಕು, ಸುಮ್ನಿರ್ಬೇಕು" ಎಂದು ಉಳಿದವರನ್ನು ಆಚೆ ಕಳಿಸುತ್ತೇವೆ. "ಹೌದು" ಬಂದರೆ ಆಕೆಯನ್ನು ಒಂಟಿ ಬಿಡದೆ, ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಹಚ್ಚಿ ಫೋನು ಆಕೆಯ ಕೈಗೆ ಕೊಡುತ್ತೇವೆ. ಕನ್ನಡದಲ್ಲೇ ಮಾತಾಡುತ್ತಾರೆ.