ಕ್ರೂಸ್ ಕಂಟ್ರೋಲ್ ಸ್ವಿಚ್: ಬಳಸುವ ಬಗೆ, ಕೆಲಸ ಮಾಡುವ ರೀತಿ

ಆಕ್ಸಿಲರೇಟರ್ ತುಳಿಯದೆಯೇ ಕಾರು ಒಂದೇ ವೇಗದಲ್ಲಿ ಸಾಗುವಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಕ್ರೂಸ್ ಕಂಟ್ರೋಲ್. ಸ್ಟೀರಿಂಗ್ ಚಕ್ರದ ಮೇಲಿರುವ ಅದರ ಮುಖ್ಯ ಗುಂಡಿಯನ್ನು ಒತ್ತಿದಾಗ ಮೀಟರ್ ಫಲಕದಲ್ಲಿ ಪುಟ್ಟ ವೇಗಮಾಪಕದ ಚಿಹ್ನೆಯೊಂದು ಬೆಳಗುತ್ತದೆಯಾದರೂ, ವೇಗ ಇನ್ನೂ ನಿಗದಿಯಾಗಿರುವುದಿಲ್ಲ. ಬೇಕಾದ ವೇಗ, ಉದಾಹರಣೆಗೆ ಗಂಟೆಗೆ 80 ಕಿ.ಮೀ., ತಲುಪಿದ ಮೇಲೆ ‘ಸೆಟ್’ ಗುಂಡಿಯನ್ನು ಒತ್ತಿ ಬಿಟ್ಟು, ಆಕ್ಸಿಲರೇಟರ್‌ನಿಂದ ಪಾದವನ್ನು ಮೆಲ್ಲಗೆ ತೆಗೆದರೆ, ವಾಹನವು ಅದೇ ವೇಗದಲ್ಲಿ ಸಾಗುತ್ತದೆ. ಬ್ರೇಕ್ ತುಳಿದೊಡನೆ ವೇಗದ ಮೇಲಿನ ಕ್ರೂಸ್‌ನ ಹಿಡಿತ ಬಿಟ್ಟುಹೋಗುತ್ತದೆ. ‘ರೆಸ್ಯೂಮ್’ ಒತ್ತಿದರೆ ಹಿಂದಿನ ವೇಗ ಮರಳುತ್ತದೆ. ಮುಂದಿನ ರಸ್ತೆ ತೆರವಾಗಿದೆಯೆಂದು ನೋಡಿಕೊಂಡೇ ಅದನ್ನು ಒತ್ತಬೇಕು.

ಈ ಗುಂಡಿಗಳ ಒಳಗಿನ ಕೆಲಸ ನಿಜಕ್ಕೂ ಸೊಗಸಾದುದು. ಅನೇಕ ಕಾರುಗಳಲ್ಲಿ ಪ್ರತಿಯೊಂದು ಗುಂಡಿಗೂ ಬೇರೆ ಬೇರೆ ಪ್ರಮಾಣದ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ) ಇರುವುದರಿಂದ, ಒಂದೇ ತಂತಿಯಲ್ಲಿ ಬದಲಾಗುವ ವೋಲ್ಟೇಜನ್ನು ಅಳೆದು, ಯಾವ ಗುಂಡಿ ಒತ್ತಲಾಯಿತೆಂದು ಎಂಜಿನ್ ನಿಯಂತ್ರಕವು ತಿಳಿದುಕೊಳ್ಳುತ್ತದೆ. ತಿರುಗುವ ಸ್ಟೀರಿಂಗ್ ಚಕ್ರದಿಂದ ಆ ಸಂಕೇತವನ್ನು ಹೊರತರುವುದು ಸುರುಳಿಯಾಗಿ ಸುತ್ತಿದ ಚಪ್ಪಟೆ ಕೇಬಲ್. ಮೆಕ್ಯಾನಿಕ್‌ಗಳು ಇದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ.

ಕ್ರೂಸ್ ಕೆಲಸ ಮಾಡದಿದ್ದರೆ ಕೂಡಲೇ ಸ್ವಿಚ್ ಬದಲಿಸಲು ಹೋಗಬೇಡಿ. ಮೊದಲು ಹಿಂದಿನ ಬ್ರೇಕ್ ದೀಪಗಳನ್ನು ಯಾರಿಂದಲಾದರೂ ನೋಡಿಸಿ, ಏಕೆಂದರೆ ಆ ದೀಪಗಳನ್ನು ಬೆಳಗಿಸುವ, ಪೆಡಲ್ ಬಳಿಯ ಬ್ರೇಕ್ ಸ್ವಿಚ್ ಕೆಟ್ಟಿದ್ದರೆ ಸುರಕ್ಷತೆಗಾಗಿ ಕ್ರೂಸ್ ಚಾಲೂ ಆಗುವುದಿಲ್ಲ. ಹಾರ್ನ್ ಕೂಡ ಮೌನವಾಗಿದ್ದು ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ, ಅವೆರಡರ ಸಂಪರ್ಕವನ್ನೂ ಹೊತ್ತಿರುವ ಕ್ಲಾಕ್ ಸ್ಪ್ರಿಂಗ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಆಗ ಸ್ಟೀರಿಂಗನ್ನು ನೀವೇ ಬಿಚ್ಚಬಾರದು. ಏರ್‌ಬ್ಯಾಗ್ ಆಕಸ್ಮಿಕವಾಗಿ ಸಿಡಿದರೆ ತೀವ್ರ ಗಾಯವಾಗಬಹುದಾದ್ದರಿಂದ ಆ ಕೆಲಸವನ್ನು ನುರಿತವರಿಗೇ ಒಪ್ಪಿಸಬೇಕು.

ಮಳೆಯಲ್ಲಿ, ಘಾಟಿ ತಿರುವುಗಳಲ್ಲಿ ಮತ್ತು ದಟ್ಟಣೆಯಲ್ಲಿ ಕ್ರೂಸ್ ಬಳಸಬೇಡಿ.